ಚರ್ಚ್ ಮುಳುಗಿದರೆ ಧರ್ಮಕೇಂದ್ರವೂ ಮುಳುಗುತ್ತಾ? ಶೆಟ್ಟಿಹಳ್ಳಿ ದಾರಿಯಲ್ಲಿ ಒಂದಿಷ್ಟು ವಿವರ

ಮಳೆಗಾಲದಲ್ಲಿ ಹಾಸನಕ್ಕೆ ಬಂದ ನೆಂಟರಿಗೆ ಬೇಲೂರು, ಹಳೇಬೀಡು ತೋರಿಸಿ ಆದ ಮೇಲೆ ಅವರೇ ಕೇಳುತ್ತಾರೆ, "ಆ ಮುಳುಗೋ ಚರ್ಚ್ ಎಲ್ಲಿದೆ?" ಅದು ಇರುವ ಶೆಟ್ಟಿಹಳ್ಳಿ ಹಾಸನ ಪೇಟೆಯಿಂದ ಸುಮಾರು 20 ಕಿಲೋಮೀಟರ್. ಹೇಮಾವತಿಯ ಹಿನ್ನೀರು ತುಂಬಿದಾಗ ಗೋಡೆಗಳು ಅರ್ಧದವರೆಗೆ ನೀರಲ್ಲಿ ನಿಂತಿರುತ್ತವೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದರೆ ಬಿರುಕು ಬಿಟ್ಟ ಕೆಸರಿನ ಮೇಲೆ ನಡೆದು ಒಳಗೇ ಹೋಗಬಹುದು. ಚಾವಣಿ ಇಲ್ಲ. ಚೂಪು ಕಮಾನುಗಳ ಮಧ್ಯೆ ಆಕಾಶ ಕಾಣುತ್ತದೆ. ಬೆಲ್ಲ, ಮೊಟ್ಟೆ ಸೇರಿಸಿ ಗಾರೆ ಅರೆದು ಕಟ್ಟಿದ್ದರು ಅಂತ ಈ ಕಡೆಯ ಜನ ಹೇಳುತ್ತಾರೆ. ಗೋಡೆ ಮುಟ್ಟಿದರೆ ಸುಣ್ಣದ ಪುಡಿ ಬೆರಳಿಗೆ ಅಂಟುತ್ತದೆ.

ಎಲ್ಲರೂ ಫೋಟೊ ತೆಗೆದುಕೊಳ್ಳುತ್ತಾರೆ. ಮದುವೆಗೆ ಮೊದಲಿನ ಫೋಟೊ ಶೂಟ್‌ಗೆ ದೂರದ ಊರುಗಳಿಂದಲೂ ಬರುತ್ತಾರೆ. ನನಗೆ ಬೇಜಾರಾಗುವುದು ಒಂದೇ ವಿಷಯಕ್ಕೆ. ಈ ಗೋಡೆಗಳ ನಡುವೆ ಜ್ಞಾನಸ್ನಾನ (ಬ್ಯಾಪ್ಟಿಸಂ) ಪಡೆದವರು, ಮದುವೆಯಾದವರು, ಹೆತ್ತವರನ್ನು ಮಣ್ಣು ಮಾಡಿದವರು ಎಲ್ಲಿಗೆ ಹೋದರು ಅಂತ ಕೇಳುವವರು ತುಂಬಾ ಕಡಿಮೆ. ಕೇಳಿದವರಿಗೂ ಉತ್ತರ ಹೇಳುವುದು ಸುಲಭ ಅಲ್ಲ. ಯಾಕೆಂದರೆ ನಾವು ಚರ್ಚ್, ಧರ್ಮಕೇಂದ್ರ, ಕಾನ್ವೆಂಟ್, ಮಿಷನ್ ಶಾಲೆ ಎಲ್ಲವನ್ನೂ ಒಂದೇ ಅಂದುಕೊಂಡು ಮಾತಾಡುತ್ತೇವೆ. ನಾಲ್ಕೂ ಬೇರೆ ಬೇರೆ. ಇದನ್ನು ಬಿಡಿಸಿ ನೋಡಿದರೆ ಶೆಟ್ಟಿಹಳ್ಳಿಯ ಕಥೆಯೂ ಅರ್ಥವಾಗುತ್ತದೆ, ನಿಮ್ಮ ಊರಿನ ಚರ್ಚ್ ಪಕ್ಕದ ಶಾಲೆಯ ಕಥೆಯೂ ಅರ್ಥವಾಗುತ್ತದೆ.

ಧರ್ಮಕೇಂದ್ರ ಅಂದರೆ ಇಂಗ್ಲಿಷಿನವರು ಪ್ಯಾರಿಷ್ ಅನ್ನುವುದು. ನಮ್ಮ ಮಲೆನಾಡಿನ ಕೊಂಕಣಿ ಮನೆಗಳಲ್ಲಿ ಅದಕ್ಕೆ ಫಿರ್ಗಜ್ ಅನ್ನುತ್ತಾರೆ. ಕಥೋಲಿಕ ಧರ್ಮಸಭೆಗೆ ತನ್ನದೇ ಒಂದು ಕಾನೂನು ಪುಸ್ತಕ ಇದೆ. ಈಗ ಜಾರಿಯಲ್ಲಿರುವುದು 1983ರದ್ದು, ಅದಕ್ಕಿಂತ ಮೊದಲಿನದು 1917ರದ್ದು. ಅದರ 515ನೇ ವಿಧಿ ಧರ್ಮಕೇಂದ್ರ ಅಂದರೆ ಏನು ಅಂತ ಹೇಳುತ್ತದೆ. ಅಲ್ಲಿ ಕಟ್ಟಡದ ಮಾತೇ ಮೊದಲು ಬರುವುದಿಲ್ಲ. ಗೊತ್ತುಮಾಡಿದ ಒಂದು ಜನಸಮುದಾಯ, ಅದನ್ನು ನೋಡಿಕೊಳ್ಳಲು ಧರ್ಮಾಧ್ಯಕ್ಷರ (ಬಿಷಪ್) ಅಡಿಯಲ್ಲಿ ಒಬ್ಬ ಗುರುಗಳು (ಪಾದ್ರಿ), ಇಷ್ಟಿದ್ದರೆ ಅದು ಧರ್ಮಕೇಂದ್ರ. ಹಾಗೆ ಒಮ್ಮೆ ಸ್ಥಾಪನೆಯಾದರೆ ಕಾನೂನಿನ ಕಣ್ಣಲ್ಲಿ ಅದು ಒಬ್ಬ ವ್ಯಕ್ತಿ ಇದ್ದ ಹಾಗೆ. ಆಸ್ತಿ ಇಟ್ಟುಕೊಳ್ಳಬಹುದು, ಸಾಲ ಮಾಡಬಹುದು.

ಈ ವ್ಯಕ್ತಿಯ ಆಯಸ್ಸು ಎಷ್ಟು? 120ನೇ ವಿಧಿಯಲ್ಲಿ ಅದಕ್ಕೂ ಉತ್ತರ ಇದೆ. ಅಧಿಕಾರ ಇರುವವರು ಆದೇಶ ಮಾಡಿ ರದ್ದು ಮಾಡಬೇಕು, ಇಲ್ಲವೇ ಅದರ ಕೆಲಸಕಾರ್ಯ ಪೂರ್ತಿ ನಿಂತು 100 ವರ್ಷ ಕಳೆಯಬೇಕು. ಅಲ್ಲಿಯವರೆಗೆ ಅದು ಇದೆ ಅಂತಲೇ ಲೆಕ್ಕ. ಗೋಡೆ ಬಿತ್ತು, ಮಾಡು ಹಾರಿತು, ನೀರು ನುಗ್ಗಿತು ಅನ್ನುವ ಕಾರಣಕ್ಕೆ ಧರ್ಮಕೇಂದ್ರ ತಾನಾಗಿ ಸಾಯುವುದಿಲ್ಲ.

ಹಾಗಾದರೆ ಅದು ಎಲ್ಲಿ ಇರುತ್ತದೆ? ಜನರ ಬದುಕಲ್ಲಿ ಇರುತ್ತದೆ ಅನ್ನುವುದು ಸರಿ. ಆದರೆ ಕೈಯಲ್ಲಿ ಹಿಡಿದು ತೋರಿಸಬಹುದಾದ ಜಾಗವೂ ಒಂದಿದೆ. ಗುರುಮನೆಯ ಬೀರುವಿನಲ್ಲಿರುವ ದಪ್ಪ ದಪ್ಪ ಪುಸ್ತಕಗಳು.

ಬೀರುವಿನ ಪುಸ್ತಕ

ಹೆಸರು ಬರೆದಿಡುವ ಈ ಪದ್ಧತಿ ತುಂಬಾ ಹಳೆಯದು. ಇಟಲಿಯ ತ್ರೆಂತ್ ಎಂಬ ಊರಲ್ಲಿ ನಡೆದ ಧರ್ಮಸಭೆಯ ಮಹಾಸಭೆ 1563ರಲ್ಲಿ ಮದುವೆಗಳನ್ನು ಗುರುಗಳೇ ಪುಸ್ತಕದಲ್ಲಿ ಬರೆದಿಡಬೇಕು ಎಂದು ಕಡ್ಡಾಯ ಮಾಡಿತು. ಗುಟ್ಟಾಗಿ ಮದುವೆಯಾಗಿ ಆಮೇಲೆ ಇಲ್ಲ ಅನ್ನುವವರನ್ನು ತಡೆಯುವುದು ಅದರ ಉದ್ದೇಶ. 1614ರಲ್ಲಿ ರೋಮ್‌ನಿಂದ ಬಂದ ವಿಧಿಪುಸ್ತಕ ಐದು ಬಗೆಯ ದಾಖಲೆಗಳನ್ನು ಹೇಳಿತು: ಜ್ಞಾನಸ್ನಾನ, ದೃಢೀಕರಣ, ಮದುವೆ, ಮರಣ, ಜೊತೆಗೆ ಮನೆಮನೆಯ ಜನರ ಪಟ್ಟಿ. ಈ ಪದ್ಧತಿಯೇ ಹಡಗು ಹತ್ತಿ, ಘಾಟಿ ಹತ್ತಿ ನಮ್ಮ ಕಡೆಗೂ ಬಂತು. ಸರ್ಕಾರದಲ್ಲಿ ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದಿದ್ದು 1969ರಲ್ಲಿ ಅಂತ ನೆನಪಿಟ್ಟುಕೊಂಡರೆ ಈ ಪುಸ್ತಕಗಳ ಬೆಲೆ ಗೊತ್ತಾಗುತ್ತದೆ.

ಜ್ಞಾನಸ್ನಾನದ ಹಳೆಯ ಪುಸ್ತಕ ತೆರೆದರೆ ಮೊದಲು ಕಾಣುವುದು ಲ್ಯಾಟಿನ್. 'ಎಗೊ ಇನ್‌ಫ್ರಾಸ್ಕ್ರಿಪ್ಟುಸ್ ಬಾಪ್ತಿಜಾವಿ' ಅಂತ ಸಾಲು ಶುರುವಾಗುತ್ತದೆ. ಕೆಳಗೆ ಸಹಿ ಹಾಕಿರುವ ನಾನು ಜ್ಞಾನಸ್ನಾನ ಕೊಟ್ಟೆ ಅಂತ ಅರ್ಥ. ಆಮೇಲೆ ಮಗುವಿನ ಹೆಸರು, ತಂದೆ, ತಾಯಿ, ಊರು, ಹುಟ್ಟಿದ ದಿನ, ಜ್ಞಾನತಂದೆ ಜ್ಞಾನತಾಯಿ ಯಾರು, ಗುರುಗಳ ಸಹಿ. ಹೆಸರು ಓದುವಾಗ ಸ್ವಲ್ಪ ಹುಷಾರಾಗಿರಬೇಕು. ಪುಸ್ತಕದಲ್ಲಿ ಕ್ಸಾವೇರಿಯುಸ್ ಅಂತ ಇದ್ದರೆ ಊರಲ್ಲಿ ಅವನು ಚೌರಪ್ಪ. ಇಗ್ನಾಸಿಯುಸ್ ಅಂತ ಇದ್ದರೆ ಇನ್ನಾಸಪ್ಪ. ಪೇತ್ರುಸ್ ಆದವನು ರಾಯಪ್ಪ, ಪೌಲುಸ್ ಆದವನು ಚಿನ್ನಪ್ಪ. ಈ ರಾಯಪ್ಪ, ಚಿನ್ನಪ್ಪ ತಮಿಳು ಕ್ರೈಸ್ತರ ಬಾಯಿಂದ ನಮಗೆ ಬಂದ ಹೆಸರುಗಳು. ಘಾಟಿ ಕೆಳಗಿನಿಂದ ಬಂದವರಾದರೆ ಕೊನೆಯಲ್ಲಿ ಡಿಸೋಜ, ಪಿಂಟೊ, ಲೋಬೊ ಸೇರಿಕೊಳ್ಳುತ್ತದೆ. ಒಂದೇ ಪುಟದಲ್ಲಿ ಬಯಲುಸೀಮೆಯ ಒಕ್ಕಲು ಮನೆಯೂ ಮಂಗಳೂರಿನಿಂದ ಬಂದ ಮನೆಯೂ ಅಕ್ಕಪಕ್ಕ ಕೂತಿರುತ್ತವೆ. ಇಂಥ ಪುಟ ನೋಡುವಾಗ ನನಗೆ ಖುಷಿ ತಡೆಯುವುದಿಲ್ಲ.

ಪುಟದ ಅಂಚಿನಲ್ಲಿ ಒಂದು ಖಾಲಿ ಕಾಲಂ ಬಿಟ್ಟಿರುತ್ತಾರೆ. ಇಡೀ ವ್ಯವಸ್ಥೆಯ ಜಾಣತನ ಇರುವುದು ಅಲ್ಲೇ. ಹಾಸನದಲ್ಲಿ ಜ್ಞಾನಸ್ನಾನ ಪಡೆದ ಹುಡುಗಿ ಬೆಂಗಳೂರಲ್ಲಿ ಮದುವೆಯಾದಳು ಅಂತಿಟ್ಟುಕೊಳ್ಳಿ. ಮದುವೆ ಮಾಡಿಸಿದ ಗುರುಗಳು ಹಾಸನಕ್ಕೆ ತಿಳಿಸಬೇಕು. ಇಲ್ಲಿನ ಗುರುಗಳು ಆಕೆ ಮಗುವಾಗಿದ್ದಾಗ ಬರೆದ ಅದೇ ಸಾಲಿನ ಪಕ್ಕ, ಅಂಚಿನಲ್ಲಿ, ಯಾವ ದಿನ ಯಾರ ಜೊತೆ ಎಲ್ಲಿ ಮದುವೆ ಅಂತ ಬರೆಯುತ್ತಾರೆ. ಕನ್ಯಾಸ್ತ್ರೀ ಆಗಿ ಕೊನೆಯ ವ್ರತ ತೊಟ್ಟರೆ ಅದೂ ಅಲ್ಲೇ. ಹುಡುಗ ಗುರುವಾದರೆ ಆ ದೀಕ್ಷೆಯೂ ಅಲ್ಲೇ. ಮನುಷ್ಯ ಎಲ್ಲಿಗೇ ಹೋಗಲಿ, ಅವನ ಸಾಲು ಮಾತ್ರ ಹುಟ್ಟಿದೂರಿನ ಪುಸ್ತಕದಲ್ಲಿ ಕೂತು ಬೆಳೆಯುತ್ತಾ ಇರುತ್ತದೆ.

ಮದುವೆ ಗೊತ್ತಾದಾಗ ಚರ್ಚಿನಲ್ಲಿ "ಹಳೇ ಸರ್ಟಿಫಿಕೇಟ್ ಆಗಲ್ಲ, ಹೊಸದು ತನ್ನಿ" ಅನ್ನುತ್ತಾರಲ್ಲ, ಅದರ ಕಾರಣ ಇದು. ಮೂವತ್ತು ವರ್ಷದ ಹಿಂದಿನ ಪ್ರತಿಯಲ್ಲಿ ಅಂಚಿನ ಕಾಲಂ ಖಾಲಿ ಇರುತ್ತದೆ. ಆಮೇಲೆ ಅಲ್ಲಿ ಏನಾದರೂ ಸೇರಿದೆಯಾ ಅಂತ ಈಗಿನ ಪ್ರತಿ ಮಾತ್ರ ಹೇಳಬಲ್ಲದು. ಸುಮ್ನೆ ಓಡಾಡಿಸುತ್ತಾರೆ ಅಂತ ಬೇಸರ ಮಾಡಿಕೊಳ್ಳುವವರಿಗೆ ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು.

ಊರು ಅಲ್ಲೇ, ಕಚೇರಿ ಬೇರೆ ಬೇರೆ

ಈ ಕಡೆಗೆ ಕಥೋಲಿಕ ಗುರುಗಳು ಬಂದ ದಾರಿ ಶ್ರೀರಂಗಪಟ್ಟಣದ್ದು. 1649ರಲ್ಲಿ ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಯೇಸುಸಭೆಯ (ಜೆಸ್ವಿಟ್) ಪಾದ್ರಿ ಅಲ್ಲಿ ಕೆಲಸ ಶುರು ಮಾಡಿದರು. ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದ ಕಾಲ ಅದು. ಚಿನ್ನಮಿ ಕನ್ನಡ ಕಲಿತರು, ಕನ್ನಡಕ್ಕೆ ವ್ಯಾಕರಣವನ್ನೂ ಪದಕೋಶವನ್ನೂ ಬರೆದರು. 1773ರಲ್ಲಿ ಪೋಪರು ಯೇಸುಸಭೆಯನ್ನೇ ವಿಸರ್ಜಿಸಿದರು. ಗುರುಗಳಿಲ್ಲದೆ ಉಳಿದ ಈ ಊರುಗಳನ್ನು 1776ರಲ್ಲಿ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಗೆ ವಹಿಸಿದರು. ಅದು 1658ರಲ್ಲಿ ಹುಟ್ಟಿದ ಸಂಸ್ಥೆ. ಹೋದ ಊರಲ್ಲಿ ಅಲ್ಲಿಯ ಜನರನ್ನೇ ಗುರುಗಳಾಗಿ ತಯಾರು ಮಾಡಬೇಕು ಅನ್ನುವುದು ಅದರ ಗುರಿ. ನಮ್ಮ ಕಡೆ ಹಳೆಯ ಚರ್ಚ್ ಕಟ್ಟಿದವರು ಯಾರು ಅಂತ ಕೇಳಿದರೆ ಬರುವ 'ಫ್ರೆಂಚ್ ಪಾದ್ರಿಗಳು' ಇವರೇ.

ಅವರಲ್ಲಿ ಹೆಚ್ಚು ಹೆಸರಾದವರು ಅಬ್ಬೆ ದ್ಯುಬ್ವಾ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಒಟ್ಟುಗೂಡಿಸಿದರು. 1823ರಲ್ಲಿ ಫ್ರಾನ್ಸಿಗೆ ಮರಳುವವರೆಗೆ ಹಳ್ಳಿಯವರ ಹಾಗೇ ಉಟ್ಟು, ಉಂಡು ಬದುಕಿದರು. ಜನ ಅವರನ್ನು ದೊಡ್ಡಸ್ವಾಮಿ ಅನ್ನುತ್ತಿದ್ದರು. ಸಿಡುಬಿನ ಲಸಿಕೆಗೆ ಜನ ಹೆದರುತ್ತಿದ್ದ ದಿನಗಳಲ್ಲಿ, 1803-04ರಲ್ಲಿ, 25,432 ಜನರಿಗೆ ಲಸಿಕೆ ಹಾಕಿಸಿದ ಲೆಕ್ಕ ಅವರ ಹೆಸರಲ್ಲಿದೆ. ಕ್ರೈಸ್ತ ಒಕ್ಕಲು ಮನೆಗಳಿಗಾಗಿ ಬೇಸಾಯದ ನೆಲೆಯನ್ನೂ ಕಟ್ಟಿದರು. ಶೆಟ್ಟಿಹಳ್ಳಿಯ ಕ್ರೈಸ್ತ ಸಮುದಾಯದ ಬೇರನ್ನೂ ಜನ ಅವರವರೆಗೆ ಒಯ್ಯುತ್ತಾರೆ. ನಾವು ಈಗ ನೋಡುವ ಜಪಮಾಲೆ ಮಾತೆಯ ದೇವಾಲಯ ಕಟ್ಟಿದ್ದು ಅವರಾದ ಮೇಲೆ, 1860ರ ದಶಕದಲ್ಲಿ.

ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಕಥೆ ಸ್ವಲ್ಪ ಬೇರೆ. ಅಲ್ಲಿ ಧರ್ಮಕೇಂದ್ರಗಳು ಕಾಫಿ ಹಿಂದೆ ಬಂದವು. ತೋಟಗಳು ಹೆಚ್ಚಾದ ಹಾಗೆ ಕೆಲಸಕ್ಕೆ ಮಂಗಳೂರು ಕಡೆಯಿಂದ ಕೊಂಕಣಿ ಮಾತಾಡುವ ಕಥೋಲಿಕರು ಘಾಟಿ ಹತ್ತಿದರು. ತಮಿಳು ಕೂಲಿಗಳು ಬಂದರು. ಮೇಸ್ತ್ರಿ, ರೈಟರು, ಬಡಗಿ, ಗಾರೆ ಕೆಲಸದವರು ಹೀಗೆ ಒಬ್ಬರ ಹಿಂದೆ ಒಬ್ಬರು. ಕ್ರಿಸ್‌ಮಸ್‌ಗೆ, ಪಾಸ್ಕಕ್ಕೆ (ಈಸ್ಟರ್) ಪೂಜೆ ಬೇಕಲ್ಲ? ಮೊದಲು ಗುರುಗಳು ತಿಂಗಳಿಗೋ ವರ್ಷಕ್ಕೋ ಒಮ್ಮೆ ಬಂದು ಹೋಗುವ ಉಪಕೇಂದ್ರ, ಆಮೇಲೆ ಒಂದು ಸಣ್ಣ ಗುಡಿ, ಮನೆಗಳು ಜಾಸ್ತಿಯಾದರೆ ಅಲ್ಲೇ ಉಳಿಯುವ ಗುರುಗಳು, ಕೊನೆಗೆ ಧರ್ಮಾಧ್ಯಕ್ಷರ ಆದೇಶ. ಆ ಆದೇಶದ ದಿನವೇ ಧರ್ಮಕೇಂದ್ರದ ಹುಟ್ಟಿದ ದಿನ. ಚರ್ಚಿನ ಗೋಡೆ ಮೇಲಿನ ಕಲ್ಲಿನಲ್ಲಿ ಒಂದು ವರ್ಷ, ಸ್ಮರಣ ಸಂಚಿಕೆಯಲ್ಲಿ ಇನ್ನೊಂದು ವರ್ಷ ಇರುತ್ತಲ್ಲ, ಅದರಲ್ಲಿ ಎಷ್ಟೋ ಸಲ ತಪ್ಪೇನೂ ಇರುವುದಿಲ್ಲ. ಒಂದು ಗುಡಿ ಕಟ್ಟಿದ ವರ್ಷ, ಒಂದು ಧರ್ಮಕೇಂದ್ರವಾದ ವರ್ಷ, ಇನ್ನೊಂದು ಈಗಿನ ಕಟ್ಟಡದ್ದು.

ಈಗ ಮೇಲಿನ ಕಚೇರಿಗಳ ವಿಷಯ. ಹಾಸನ ಜಿಲ್ಲೆಯ ಒಂದು ಹಳೆಯ ಹಳ್ಳಿಯನ್ನೇ ಹಿಡಿದುಕೊಳ್ಳಿ. ಅದು ಮೊದಲು ಪುದುಚೇರಿಯ ಮಿಷನ್ನಿಗೆ ಸೇರಿತ್ತು. 1850ರಲ್ಲಿ ಮೈಸೂರಿಗೆ ಬೇರೆ ಆಡಳಿತವಾಯಿತು, 1886ರಲ್ಲಿ ಅದು ಪೂರ್ತಿ ಧರ್ಮಕ್ಷೇತ್ರವಾಯಿತು. ಧರ್ಮಕ್ಷೇತ್ರ ಅಂದರೆ ಡಯಾಸಿಸ್, ಒಬ್ಬ ಧರ್ಮಾಧ್ಯಕ್ಷರ ಕೆಳಗಿನ ಹಲವು ಧರ್ಮಕೇಂದ್ರಗಳ ಸೀಮೆ. ಆದರೆ ಮೈಸೂರು ಧರ್ಮಕ್ಷೇತ್ರದ ಧರ್ಮಾಧ್ಯಕ್ಷರು ಇರುತ್ತಿದ್ದದ್ದು ಬೆಂಗಳೂರಿನಲ್ಲಿ. 1940ರಲ್ಲಿ ಬೆಂಗಳೂರು ಬೇರೆಯಾದ ಮೇಲೆ ಕಚೇರಿ ಮೈಸೂರಿಗೆ ಬಂತು. 1963ರ ನವೆಂಬರ್ 16ರಂದು ಚಿಕ್ಕಮಗಳೂರು ಧರ್ಮಕ್ಷೇತ್ರ ಹುಟ್ಟಿತು. ಚಿಕ್ಕಮಗಳೂರು, ಹಾಸನ, ಶಿವಮೊಗ್ಗ ಮೂರೂ ಜಿಲ್ಲೆ ಅದಕ್ಕೆ ಸೇರಿದವು. 1988ರಲ್ಲಿ ಶಿವಮೊಗ್ಗ ಬೇರೆಯಾಯಿತು. ಹಳ್ಳಿ ಇದ್ದಲ್ಲೇ ಇತ್ತು. ಅದರ ಕಾಗದಗಳು ಮಾತ್ರ ನಾಲ್ಕು ಪಟ್ಟಣ ಕಂಡವು. ಇತಿಹಾಸ ಹುಡುಕುವವರು ಎಡವುವುದು ಇಲ್ಲೇ. 1900ರ ಸುಮಾರಿನ ಒಂದು ಪತ್ರಕ್ಕಾಗಿ ಚಿಕ್ಕಮಗಳೂರಲ್ಲಿ ಹುಡುಕಿದರೆ ಸಿಗದೆ ಇರಬಹುದು, ಆಗ ಆ ಕಚೇರಿಯೇ ಇರಲಿಲ್ಲ. ಸರ್ಕಾರಿ ಕಾಗದದಲ್ಲೂ ಇದೇ ತೊಡಕು: 1947ರವರೆಗೆ ಚಿಕ್ಕಮಗಳೂರು ಜಿಲ್ಲೆಯ ಹೆಸರು ಕಡೂರು ಜಿಲ್ಲೆ.

ಹೊಸ ಧರ್ಮಕ್ಷೇತ್ರದ ಮೊದಲ ಧರ್ಮಾಧ್ಯಕ್ಷರು ಅಲ್ಫೋನ್ಸಸ್ ಮಥಾಯಸ್. ಆಗ ಅವರಿಗೆ 35 ವರ್ಷ. ರೋಮ್‌ನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ನಡೆಯುತ್ತಿತ್ತು. ಧರ್ಮಕ್ಷೇತ್ರ ಹುಟ್ಟಿ ಸರಿಯಾಗಿ 18 ದಿನಕ್ಕೆ, ಡಿಸೆಂಬರ್ 4ಕ್ಕೆ, ಆ ಮಹಾಸಭೆ ಪೂಜಾವಿಧಿಯ ಬಗ್ಗೆ ತನ್ನ ನಿರ್ಣಯ ಹೊರಡಿಸಿತು. ಲ್ಯಾಟಿನ್ ಜೊತೆಗೆ ಜನರ ಭಾಷೆಗೂ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಗುರುಗಳು ಪೀಠದ ಕಡೆ ಮುಖ ಮಾಡಿ ಲ್ಯಾಟಿನ್‌ನಲ್ಲಿ ಪೂಜೆ ಹೇಳುತ್ತಿದ್ದರು. ಹಿಂದೆ ಮಂಡಿಯೂರಿದ ಜನ ತಮ್ಮ ಪಾಡಿಗೆ ತಮ್ಮ ಮಾತಲ್ಲಿ ಜಪಸರ ಹೇಳಿಕೊಳ್ಳುತ್ತಿದ್ದರು. ಹೀಗಾಗಿ ಚಿಕ್ಕಮಗಳೂರು ಧರ್ಮಕ್ಷೇತ್ರ ತನ್ನ ಮೊದಲ ದಿನಗಳಿಂದಲೇ ಕನ್ನಡ ಪೂಜೆಗೆ ಹೊಂದಿಕೊಳ್ಳುವ ಕೆಲಸದಲ್ಲಿ ಬೆಳೆಯಿತು.

ಆದರೆ ಜನರ ಭಾಷೆ ಅಂದರೆ ಯಾವುದು? ಬಯಲುಸೀಮೆಯ ಹಳ್ಳಿಯಲ್ಲಿ ಇದಕ್ಕೆ ಉತ್ತರ ಸುಲಭ, ಕನ್ನಡ. ಮಲೆನಾಡಿನಲ್ಲಿ ಮನೆಮಾತು ಕೊಂಕಣಿ, ಓದಿದ್ದು ಕನ್ನಡ, ತೋಟದಲ್ಲಿ ತಮಿಳು. ಕೆಲವು ಕಡೆ ಬೆಳಗಿನ ಪೂಜೆ ಒಂದು ಭಾಷೆಯಲ್ಲಿ, ಎರಡನೇ ಪೂಜೆ ಇನ್ನೊಂದರಲ್ಲಿ ಇರುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ, ಅಂದರೆ ಮರಿಯಮ್ಮನವರ ಹುಟ್ಟುಹಬ್ಬದಲ್ಲಿ, ಹೊಸ ಭತ್ತದ ತೆನೆ ಹಂಚುವಾಗ ಮಕ್ಕಳು ಹೂ ಹಾಕುತ್ತಾ ಕೊಂಕಣಿ ಹಾಡುತ್ತಾರೆ, ಪಕ್ಕದ ಮನೆಯವರ ಜೊತೆ ಕನ್ನಡದಲ್ಲಿ ಮಾತಾಡುತ್ತಾರೆ. ಕೊಂಕಣಿ ಹಾಡಿನ ಪುಸ್ತಕ ಅಚ್ಚಾಗಿರುವುದೂ ಕನ್ನಡ ಲಿಪಿಯಲ್ಲೇ. ಭಾಷೆಯ ಹೆಸರಲ್ಲಿ ಧರ್ಮಕೇಂದ್ರಗಳೊಳಗೆ ಮನಸ್ತಾಪ ಬಂದಿದ್ದೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಎರಡೂ ಭಾಷೆಯ ಮನೆಗಳನ್ನು ಒಂದೇ ಪುಟದಲ್ಲಿ ಬರೆದುಕೊಂಡ ಆ ಹಳೆಯ ಪುಸ್ತಕಗಳೇ ಇದಕ್ಕೆ ಒಳ್ಳೆಯ ದಾರಿ ತೋರಿಸಿವೆ ಅಂತ ನನಗನಿಸುತ್ತದೆ.

ಶಾಲೆ ಯಾರದು?

ಅಪ್ಪ ಅಮ್ಮಂದಿರು ಹೆಚ್ಚು ಗೊಂದಲ ಮಾಡಿಕೊಳ್ಳುವುದು ಈ ವಿಷಯದಲ್ಲೇ.

ಮೊದಲು ಹಳೆಯ ಕಥೆ. ಮಿಷನ್ ಊರುಗಳಲ್ಲಿ ಗುರುಗಳ ಜೊತೆ ಉಪದೇಶಿ ಅಂತ ಒಬ್ಬರು ಇರುತ್ತಿದ್ದರು. ಗುರುಗಳು ಹತ್ತಾರು ಹಳ್ಳಿ ಸುತ್ತಬೇಕು. ಅವರು ಇಲ್ಲದಾಗ ಪ್ರಾರ್ಥನೆ ಹೇಳಿಸುವುದು, ಮಕ್ಕಳಿಗೆ ಜಪ ಕಲಿಸುವುದು, ಸಾಯುವವರ ಪಕ್ಕ ಕೂರುವುದು ಉಪದೇಶಿಯ ಕೆಲಸ. ಅಕ್ಷರ ಬಲ್ಲವರು ಅವರೇ ಆದ್ದರಿಂದ ಮಕ್ಕಳಿಗೆ ಅ ಆ ಇ ಈ ತಿದ್ದಿಸುವುದೂ ಅವರೇ. ಎಷ್ಟೋ ಕಡೆ ಶಾಲೆಯೂ ಗುಡಿಯೂ ಒಂದೇ ಕೋಣೆ. ವಾರವೆಲ್ಲ ಪಾಠ, ಭಾನುವಾರ ಹಲಗೆ ಪಕ್ಕಕ್ಕಿಟ್ಟು ಪ್ರಾರ್ಥನೆ. ಎಷ್ಟೋ ಧರ್ಮಕೇಂದ್ರಗಳಲ್ಲಿ ಶಾಲೆಗೆ ಚರ್ಚಿಗಿಂತ ವಯಸ್ಸು ಜಾಸ್ತಿ ಇರುವುದಕ್ಕೆ ಇದೇ ಕಾರಣ.

ಇಂಥ ಕೋಣೆ ಶಾಲೆ ದೊಡ್ಡದಾಗಲು ದುಡ್ಡು ಬೇಕಿತ್ತು. ದಾರಿ ತೆರೆದದ್ದು 1854ರ ವುಡ್ ವರದಿ, ಅಂದರೆ ಚಾರ್ಲ್ಸ್ ವುಡ್ ಎಂಬ ಬ್ರಿಟಿಷ್ ಮಂತ್ರಿ ಇಲ್ಲಿನ ಶಿಕ್ಷಣದ ಬಗ್ಗೆ ಕಳಿಸಿದ ಪತ್ರ. ಖಾಸಗಿಯವರು, ಮಿಷನ್ನಿನವರು ನಡೆಸುವ ಶಾಲೆಗೂ ಸರ್ಕಾರ ಅನುದಾನ ಕೊಡಬಹುದು, ಬದಲಿಗೆ ಸರ್ಕಾರದ ತಪಾಸಣೆ ಒಪ್ಪಬೇಕು ಎಂದು ಅದು ಹೇಳಿತು. ನಾವು ಇವತ್ತು 'ಎಡೆಡ್' ಅನ್ನುವ ಶಾಲೆಯ ಬೇರು ಅಲ್ಲಿದೆ. 1857ರಲ್ಲಿ ಮೈಸೂರು ಸೀಮೆಯಲ್ಲೂ ಶಿಕ್ಷಣ ಇಲಾಖೆ ಶುರುವಾಯಿತು. ಅದೇ ಕಾಲದಲ್ಲಿ ಕನ್ಯಾಸ್ತ್ರೀಯರೂ ಬಂದರು. ಫ್ರಾನ್ಸಿನ ಗುಡ್ ಶೆಫರ್ಡ್ ಸಿಸ್ಟರ್‌ಗಳು ಬೆಂಗಳೂರಿಗೆ ಬಂದದ್ದು 1854ರಲ್ಲಿ, ತಾರ್ಬ್‌ನ ಸಂತ ಜೋಸೆಫರ ಸಿಸ್ಟರ್‌ಗಳು 1882ರಲ್ಲಿ. ಹೆಣ್ಣುಮಕ್ಕಳನ್ನು ಗಂಡಸು ಮೇಷ್ಟ್ರ ಹತ್ತಿರ ಕಳಿಸಲು ಹಿಂಜರಿಯುತ್ತಿದ್ದ ಮನೆಗಳು ಸಿಸ್ಟರ್ ಹತ್ತಿರ ಕಳಿಸಲು ಒಪ್ಪಿದವು. ಧರ್ಮಕೇಂದ್ರದ ಶಾಲೆಗಳ ಕಥೆಯಲ್ಲಿ ಚರ್ಚ್ ಕಟ್ಟಿದ ಪಾದ್ರಿಗಳ ಹೆಸರು ಕಲ್ಲಿನ ಮೇಲಿದೆ. ಇಡೀ ಊರಿನ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ ಸಿಸ್ಟರ್‌ಗಳ ಹೆಸರು ಹೆಚ್ಚಿನ ಕಡೆ ಎಲ್ಲೂ ಇಲ್ಲ. ಇದು ಸರಿಯಾಗಬೇಕು.

ಇನ್ನು ಕಾನ್ವೆಂಟ್ ಅನ್ನುವ ಮಾತು. ನಮ್ಮ ಕಡೆ ಕಾನ್ವೆಂಟ್ ಅಂದರೆ ಇಂಗ್ಲಿಷ್ ಮೀಡಿಯಂ ಶಾಲೆ, ಯಾರದ್ದೇ ಆಗಿರಲಿ. ನಿಜವಾದ ಅರ್ಥ ಕನ್ಯಾಸ್ತ್ರೀಯರು ವಾಸ ಮಾಡುವ ಮನೆ, ಅಷ್ಟೇ. ಆ ಮನೆಯವರು ಶಾಲೆ ನಡೆಸಿದ್ದರಿಂದ ಶಾಲೆಗೇ ಆ ಹೆಸರು ಅಂಟಿತು. ಆಮೇಲೆ ಸಿಸ್ಟರ್‌ಗಳೇ ಇಲ್ಲದ ಶಾಲೆಗೂ ಹೋಯಿತು.

ಚರ್ಚ್ ಕಾಂಪೌಂಡಿನಲ್ಲಿ ಇದ್ದ ಮಾತ್ರಕ್ಕೆ ಶಾಲೆ ಚರ್ಚಿನದ್ದು ಅಂತ ಹೇಳಲಾಗುವುದಿಲ್ಲ. ಧರ್ಮಕ್ಷೇತ್ರವೇ ನಡೆಸುವ ಶಾಲೆಯಾದರೆ ಸಾಮಾನ್ಯವಾಗಿ ಧರ್ಮಕೇಂದ್ರದ ಗುರುಗಳೇ ಕರೆಸ್ಪಾಂಡೆಂಟ್, ಅಂದರೆ ಆಡಳಿತದ ಪರವಾಗಿ ವ್ಯವಹಾರ ನೋಡುವವರು. ಇಲಾಖೆಯ ಪತ್ರ, ಬಿಇಒ ಕಚೇರಿಯ ಓಡಾಟ ಅವರ ತಲೆ ಮೇಲೆ. ಅವರಿಗೆ ವರ್ಗವಾದರೆ ಹೊಸ ಗುರುಗಳಿಗೆ ಚರ್ಚಿನ ಬೀಗದ ಕೈ ಜೊತೆ ಶಾಲೆಯ ಬೀಗದ ಕೈಯೂ ಬರುತ್ತದೆ. ಕನ್ಯಾಸ್ತ್ರೀಯರ ಅಥವಾ ಗುರುಗಳ ಒಂದು ಸಭೆ, ಅಂದರೆ ಅವರದೇ ಸಂಸ್ಥೆ, ನಡೆಸುವ ಶಾಲೆಯಾದರೆ ಲೆಕ್ಕ ಬೇರೆ. ಅದರ ಆಡಳಿತ ಆ ಸಭೆಯ ಮೇಲಿನವರ ಕೈಯಲ್ಲಿ. ಪಕ್ಕದ ಚರ್ಚಿನ ಫಾದರ್‌ಗೆ ಅಲ್ಲಿ ಸೀಟು ಕೊಡಿಸುವ ಅಧಿಕಾರ ಇರುವುದಿಲ್ಲ. "ಫಾದರ್ ಒಂದು ಮಾತು ಹೇಳಿದ್ರೆ ಆಗ್ತಿತ್ತು" ಅಂತ ಕೋಪಿಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಡೆಸುವ ಕೈ ಬದಲಾಗುವುದೂ ಉಂಟು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜನ್ನು 1882ರಲ್ಲಿ ಶುರು ಮಾಡಿದವರು ಇದೇ ಫ್ರೆಂಚ್ ಪಾದ್ರಿಗಳು. 1937ರಲ್ಲಿ ಅದನ್ನು ಯೇಸುಸಭೆಗೆ ಒಪ್ಪಿಸಿದರು. ಸಂತರ ಹೆಸರಿದ್ದ ಮಾತ್ರಕ್ಕೆ ಅದು ಕಥೋಲಿಕ ಶಾಲೆ ಅಂತಲೂ ಅಲ್ಲ. ಧರ್ಮಸಭೆಯ ಕಾನೂನಿನ 803ನೇ ವಿಧಿ ಪ್ರಕಾರ ಧರ್ಮಾಧಿಕಾರಿಗಳ ಒಪ್ಪಿಗೆ ಇಲ್ಲದೆ ಯಾವ ಶಾಲೆಯೂ ಕಥೋಲಿಕ ಅಂತ ಹೆಸರಿಟ್ಟುಕೊಳ್ಳುವ ಹಾಗಿಲ್ಲ.

ದೇಶದ ಕಾನೂನು ಏನು ಹೇಳುತ್ತದೆ? ಸಂವಿಧಾನದ 30ನೇ ವಿಧಿ ಧರ್ಮ ಅಥವಾ ಭಾಷೆಯಲ್ಲಿ ಅಲ್ಪಸಂಖ್ಯಾತರಾದವರಿಗೆ ತಮ್ಮ ಇಷ್ಟದ ಶಾಲೆ ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಆದರೆ ಅದರ ಪಕ್ಕದಲ್ಲೇ ಇನ್ನೆರಡು ವಿಧಿಗಳಿವೆ. ಸರ್ಕಾರದ ಅನುದಾನ ಪಡೆದ ಶಾಲೆ ಧರ್ಮ, ಜಾತಿ, ಭಾಷೆಯ ಕಾರಣಕ್ಕೇ ಯಾರಿಗೂ ಪ್ರವೇಶ ಇಲ್ಲ ಅನ್ನುವಂತಿಲ್ಲ, ಇದು 29ನೇ ವಿಧಿ. ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಮಗುವಿನ ಪೋಷಕರ ಒಪ್ಪಿಗೆ ಇಲ್ಲದೆ ಧರ್ಮಬೋಧನೆಗೆ ಕೂರಿಸುವಂತಿಲ್ಲ, ಇದು 28ನೇ ವಿಧಿ. ಇಂಥ ಶಾಲೆಗಳಲ್ಲಿ ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ನೀತಿಪಾಠ ಅಂತ ಎರಡು ಗುಂಪು ಮಾಡುತ್ತಿದ್ದುದರ ಹಿಂದೆ ಇದೂ ಇದೆ. ಭಾನುವಾರದ ಕಾಣಿಕೆಯಿಂದ ಮೇಷ್ಟ್ರಿಗೆ ಸಂಬಳ ಕೊಡುತ್ತಾರೆ ಅಂತ ಕೆಲವರು ಅಂದುಕೊಂಡಿದ್ದಾರೆ. ಎಡೆಡ್ ಹುದ್ದೆಯ ಸಂಬಳ ಬರುವುದು ಸರ್ಕಾರದಿಂದ. ಅನುದಾನ ಇಲ್ಲದ ಶಾಲೆಯಲ್ಲಿ ನಿಮ್ಮ ಮಗುವಿನ ಫೀಸಿನಿಂದ.

ಮಾಧ್ಯಮದ ವಿಷಯ ಇನ್ನೂ ಬಿಸಿ. ಹಳೆಯ ಧರ್ಮಕೇಂದ್ರ ಶಾಲೆಗಳಲ್ಲಿ ಬಹಳಷ್ಟು ಕನ್ನಡ ಮಾಧ್ಯಮದವು. 1994ರ ಏಪ್ರಿಲ್ 29ರ ಸರ್ಕಾರಿ ಆದೇಶ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಪಾಠ ಆಗಬೇಕು ಅಂತ ಹೇಳಿತು. 2008ರಲ್ಲಿ ಹೈಕೋರ್ಟ್ ಅನುದಾನರಹಿತ ಶಾಲೆಗಳ ಮಟ್ಟಿಗೆ ಅದನ್ನು ಒಪ್ಪಲಿಲ್ಲ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಮಾತೃಭಾಷೆಯನ್ನು ಸರ್ಕಾರ ಬಲವಂತ ಮಾಡುವಂತಿಲ್ಲ ಎಂದಿತು. ಅಷ್ಟರಲ್ಲಿ ಪೇಟೆಗಳಲ್ಲಿ ಒಂದೇ ಕಾಂಪೌಂಡಿನಲ್ಲಿ ಎರಡು ಶಾಲೆ ಕಾಣುವುದು ಮಾಮೂಲಾಗಿತ್ತು. ಮುಂದೆ ಇಂಗ್ಲಿಷ್ ಶಾಲೆಯ ಹೊಸ ಕಟ್ಟಡ, ಹಿಂದೆ ಹೆಂಚಿನ ಮಾಡಿನ ಕನ್ನಡ ಶಾಲೆ, ಅಲ್ಲಿ ಮೇಷ್ಟ್ರು ನಿವೃತ್ತರಾದರೆ ಆ ಜಾಗಕ್ಕೆ ಇನ್ನೊಬ್ಬರಿಗಾಗಿ ವರ್ಷಗಟ್ಟಲೆ ಕಾಯುವುದು. ಆ ಹೆಂಚಿನ ಶಾಲೆಗಳ ಮೇಲೆ ನನಗೆ ಪ್ರೀತಿ ಜಾಸ್ತಿ. ತೋಟದ ಕೂಲಿ ಲೈನಿನ ಮಗುವೂ, ರೈಟರ ಮಗುವೂ, ಅಂಗಡಿ ಸಾಹೇಬರ ಮಗುವೂ ಒಂದೇ ಬೆಂಚಿನಲ್ಲಿ ಕೂತದ್ದು ಅಲ್ಲಿ. ಅವು ಮುಚ್ಚಿದರೆ ಕಟ್ಟಡ ಹೋಗುವುದಕ್ಕಿಂತ ದೊಡ್ಡದು ಹೋಗುತ್ತದೆ.

ಮತ್ತೆ ಶೆಟ್ಟಿಹಳ್ಳಿಗೆ

ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟುವ ಕೆಲಸ 1960ರ ದಶಕದ ಕೊನೆಯಲ್ಲಿ ಶುರುವಾಗಿ 1979ರಲ್ಲಿ ಮುಗಿಯಿತು. ತುಂಬಿದಾಗ ನೀರಿನ ಮಟ್ಟ ಸಮುದ್ರದಿಂದ 2,922 ಅಡಿ, ಹಿಡಿಯುವ ನೀರು ಸುಮಾರು 37 ಟಿಎಂಸಿ. ಹಾಸನ, ಮಂಡ್ಯ, ತುಮಕೂರಿನ ಗದ್ದೆಗಳಿಗೆ ಆ ನೀರು ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಹಿನ್ನೀರಿನಲ್ಲಿ ಹಳ್ಳಿಗಳು ಹೋದವು. ಶೆಟ್ಟಿಹಳ್ಳಿಯೂ ಒಂದು. ಮನೆಗಳವರು ಜ್ಯೋತಿನಗರ, ಅಲ್ಫೋನ್ಸ್ ನಗರ, ಮರಿಯಾನಗರದಂಥ ಹೊಸ ಊರುಗಳಿಗೆ ಹೋಗಿ ನೆಲೆಸಿದರು. ಈ ಹೆಸರುಗಳನ್ನು ಒಮ್ಮೆ ಗಮನಿಸಿ. ಊರು ಕಳೆದುಕೊಂಡವರು ಹೊಸ ಊರಿನ ಬೋರ್ಡಿನ ಮೇಲೆ ತಮ್ಮ ನಂಬಿಕೆಯನ್ನೇ ಬರೆದುಕೊಂಡರು.

ಆದ್ದರಿಂದ ಫೋಟೊದಲ್ಲಿ ಕಾಣುವುದು ಸಮುದಾಯದ ಸಮಾಧಿ ಅಂತ ತಿಳಿಯಬೇಡಿ. ಅದು ಅವರು ಬಿಟ್ಟುಬಂದ ಮನೆ. ಅಲ್ಲಿ ಜ್ಞಾನಸ್ನಾನ ಪಡೆದವರ ಮೊಮ್ಮಕ್ಕಳು ಹೊಸ ಊರಿನ ಚರ್ಚುಗಳಲ್ಲಿ ಪೂಜೆಗೆ ಕೂರುತ್ತಾರೆ, ಶಾಲೆಗೆ ಹೋಗುತ್ತಾರೆ, ಕೆಲವರು ಬೇಸಿಗೆಯಲ್ಲಿ ನೀರು ಇಳಿದಾಗ ಬಂದು ಮೇಣದಬತ್ತಿ ಹಚ್ಚಿ ಹೋಗುತ್ತಾರೆ. ನೀವು ಹೋದಾಗ ಗೋಡೆ ಮೇಲೆ ಹೆಸರು ಕೆತ್ತಬೇಡಿ, ಕಮಾನಿನ ಮೇಲೆ ಹತ್ತಬೇಡಿ. ವರ್ಷ ವರ್ಷ ನೀರು ಕುಡಿದು ಒಣಗಿದ ಗಾರೆ ಅದು.

ನಿಮ್ಮ ಅಜ್ಜ ಅಜ್ಜಿಯರ ದಾಖಲೆ ಹುಡುಕಬೇಕು ಅಂತ ಇದ್ದರೆ ಹೀಗೆ ಮಾಡಿ. ಅವರು ಹುಟ್ಟಿದ ಊರು ಆಗ ಯಾವ ಧರ್ಮಕೇಂದ್ರಕ್ಕೆ ಸೇರಿತ್ತು ಅಂತ ಮೊದಲು ತಿಳಿದುಕೊಳ್ಳಿ, ಈಗಿನದಲ್ಲ. ಅವರ ತಂದೆ ತಾಯಿಯ ಹೆಸರು ಬರೆದುಕೊಳ್ಳಿ. ಹುಟ್ಟಿದ ವರ್ಷ ಸರಿಯಾಗಿ ಗೊತ್ತಿಲ್ಲದಿದ್ದರೆ ಹಿಂದೆ ಮುಂದೆ ಐದು ವರ್ಷ ನೋಡಲು ಕೇಳಿಕೊಳ್ಳಿ. ಊರ ಹೆಸರು ಒಂದಿದ್ದರೆ ಪುಸ್ತಕದ ಹೆಸರು ಇನ್ನೊಂದಿರುತ್ತದೆ, ಚೌರಪ್ಪನನ್ನು ಕ್ಸಾವೇರಿಯುಸ್ ಅಡಿಯಲ್ಲೂ ಹುಡುಕಿ. ಭಾನುವಾರ ಬೇಡ, ಗುರುಗಳಿಗೆ ಬಿಡುವಿರುವುದಿಲ್ಲ. ವಾರದ ದಿನ ಬೆಳಗಿನ ಪೂಜೆ ಮುಗಿದ ಮೇಲೆ ಹೋಗಿ. ಅಲ್ಲಿ ಸಿಗದಿದ್ದರೆ ಪಕ್ಕದ ಶಾಲೆಯ ಹಳೆಯ ದಾಖಲಾತಿ ಪುಸ್ತಕ ಕೇಳಿ, ಒಂದನೇ ಕ್ಲಾಸಿಗೆ ಸೇರಿದ ದಿನದ ಸಾಲಿನಲ್ಲಿ ಅಪ್ಪನ ಹೆಸರು, ಊರು, ಹುಟ್ಟಿದ ತಾರೀಕು ಇರುತ್ತದೆ. ಸಿಕ್ಕಾಗ ಸರ್ಟಿಫಿಕೇಟ್ ತೆಗೆದುಕೊಂಡು ತಕ್ಷಣ ಎದ್ದು ಬರಬೇಡಿ. ಆ ಪುಟದ ಅಂಚಿನ ಕಾಲಂನಲ್ಲಿ ಏನು ಬರೆದಿದೆ ಅಂತ ಓದಿಸಿಕೊಳ್ಳಿ.